ಪ್ರೌಢಶಾಲೆಯಲ್ಲಿ ಗ್ರಾಫಿಕ್ ಡಿಸೈನ್: ಇ-ತರಬೇತಿ ಎಲ್ಲಿಗೆ ಮುಟ್ಟಿದೆ, ಎಲ್ಲಿ ನಿಂತಿದೆ

ಪ್ರೌಢಶಾಲೆಯ ಮಕ್ಕಳಿಗೆ ಗ್ರಾಫಿಕ್ ಡಿಸೈನ್ ಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥ ಉಳಿದಿಲ್ಲ. ಅವರು ಅದನ್ನು ಮಾಡುತ್ತಲೇ ಇದ್ದಾರೆ. ಗೆಳತಿಯ ಹುಟ್ಟುಹಬ್ಬಕ್ಕೆ ಸ್ಟೇಟಸ್‌ಗೆ ಹಾಕುವ ಚಿತ್ರ, ಊರಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರ್, ಗಣೇಶೋತ್ಸವ ಸಮಿತಿಯ ಶುಭಾಶಯ, ಅಮ್ಮನ ಸ್ವಸಹಾಯ ಸಂಘದ ಉಪ್ಪಿನಕಾಯಿ ಬಾಟಲಿಗೆ ಅಂಟಿಸುವ ಚೀಟಿ – ಇಂಥ ಎಷ್ಟೋ ಕೆಲಸ ಒಂಬತ್ತನೇ, ಹತ್ತನೇ ತರಗತಿಯವರ ಕೈಯಲ್ಲಿರುವ ಫೋನಿನಲ್ಲೇ ಮುಗಿಯುತ್ತದೆ. ಪ್ರಥಮ್ ಸಂಸ್ಥೆಯ ‘ಅಸರ್ 2024’ ವರದಿಯ ಪ್ರಕಾರ, ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಓದಿಗಾಗಿ ಫೋನ್ ಹಿಡಿದವರು ಶೇ 57, ಸಾಮಾಜಿಕ ಮಾಧ್ಯಮಕ್ಕಾಗಿ ಹಿಡಿದವರು ಶೇ 76.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹೇಗೂ ಮಾಡುತ್ತಿರುವುದನ್ನು ಚೆನ್ನಾಗಿ ಮಾಡಲು ಇವರಿಗೆ ಯಾರು ಕಲಿಸಬೇಕು, ಎಲ್ಲಿ, ಯಾವ ಭಾಷೆಯಲ್ಲಿ? ವಿಡಿಯೊ ಪಾಠ, ಆನ್‌ಲೈನ್ ಕೋರ್ಸು, ಶಾಲೆಯ ಕಂಪ್ಯೂಟರ್ ಲ್ಯಾಬು, ವಾಟ್ಸ್‌ಆ್ಯಪ್ ಗುಂಪು – ಒಟ್ಟಾಗಿ ಇ-ತರಬೇತಿ ಎನ್ನಿಸಿಕೊಳ್ಳುವ ಈ ವ್ಯವಸ್ಥೆಗೆ ಆ ಕೆಲಸ ಮಾಡುವ ಶಕ್ತಿ ಇದೆಯೇ? ಎರಡು ದಶಕಗಳಿಂದ ನಮ್ಮ ಸುತ್ತಮುತ್ತ ನಡೆದಿರುವುದನ್ನೆಲ್ಲ ಎದುರಿಗಿಟ್ಟುಕೊಂಡರೆ ನನಗೆ ಸ್ಪಷ್ಟವಾಗಿ ಕಾಣುವುದು ಇಷ್ಟು: ಸಾಫ್ಟ್‌ವೇರ್ ಕಲಿಸುವ ವಿದ್ಯೆ ನಮಗೆ ಸಾಕಷ್ಟು ಕೈವಶವಾಗಿದೆ; ಕಣ್ಣನ್ನು ಪಳಗಿಸುವ ಪಾಠಕ್ಕೆ ನಾವಿನ್ನೂ ಸರಿಯಾಗಿ ಕೈ ಹಾಕಿಲ್ಲ.

ಸಾಫ್ಟ್‌ವೇರ್ ಕಲಿಸುವುದರಲ್ಲಿ ಬಹಳ ಮೆಚ್ಚಬೇಕಾದ ಕೆಲಸ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯದು. ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಈ ಯೋಜನೆಯಲ್ಲಿ ಒಂದೊಂದು ಪಾಠವೂ ಸುಮಾರು ಹತ್ತು ನಿಮಿಷದ್ದು. ಪರದೆಯ ಒಂದು ಬದಿಯಲ್ಲಿ ವಿಡಿಯೊ, ಇನ್ನೊಂದು ಬದಿಯಲ್ಲಿ ಸಾಫ್ಟ್‌ವೇರ್. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ತಾನೇ ಮಾಡಿ, ಮುಂದಕ್ಕೆ ಹೋಗಬೇಕು. ಪಕ್ಕದಲ್ಲಿ ಗೊತ್ತಿರುವವರು ಯಾರೂ ಇಲ್ಲದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಲಾಗಿದೆ. ಚಿತ್ರ ತಿದ್ದುವ ಜಿಂಪ್, ಗೆರೆಚಿತ್ರ ರಚಿಸುವ ಇಂಕ್‌ಸ್ಕೇಪ್ ಎರಡಕ್ಕೂ ಪಾಠಮಾಲೆಗಳಿವೆ. ಇಂಕ್‌ಸ್ಕೇಪ್ ಸರಣಿಯಲ್ಲಿ ವಿಸಿಟಿಂಗ್ ಕಾರ್ಡ್, ಮಡಿಸುವ ಕರಪತ್ರಗಳ ಜತೆಗೆ ಬಟ್ಟೆಯ ಮೇಲೆ ಅಚ್ಚೊತ್ತಲು ವಾರ್ಲಿ ಚಿತ್ತಾರ, ಮಾವಿನಕಾಯಿ ವಿನ್ಯಾಸ ಬಿಡಿಸುವ ಪಾಠಗಳೂ ಇವೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಧ್ವನಿ ಇದಕ್ಕಿದೆ. ನಗರದ ಖಾಸಗಿ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಲಾಗದ ಹುಡುಗನಿಗೆ ಇದು ಸಣ್ಣ ಕೊಡುಗೆಯಲ್ಲ.

ಈ ಕ್ರಮ ಫಲ ಕೊಡುವುದಕ್ಕೆ ಕಾರಣವಿದೆ. ಹೊಸದನ್ನು ಕಲಿಯುವಾಗ ನಮ್ಮ ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ತೀರಾ ಕಡಿಮೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ಅರಿವಿನ ಹೊರೆಯ ಸಿದ್ಧಾಂತವನ್ನು ಮಂಡಿಸಿದರು. ಚಿತ್ರ ಒಂದೆಡೆ, ಅದರ ವಿವರಣೆ ಇನ್ನೊಂದೆಡೆ ಇದ್ದರೆ ಎರಡನ್ನೂ ಹೊಂದಿಸಿಕೊಳ್ಳುವುದರಲ್ಲೇ ಮಗುವಿನ ಶಕ್ತಿ ಕಳೆದುಹೋಗುತ್ತದೆ ಎಂದು ಅವರ ಮುಂದಿನ ಅಧ್ಯಯನಗಳು ತೋರಿಸಿದವು. ಅಮೆರಿಕದ ರಿಚರ್ಡ್ ಮೇಯರ್ ಇದನ್ನು ಬಹುಮಾಧ್ಯಮ ಪಾಠಗಳಿಗೆ ವಿಸ್ತರಿಸಿದರು: ಪಾಠವನ್ನು ತುಂಡು ಮಾಡಿ ಕೊಡಿ, ಓಡುವ ಚಿತ್ರದ ಮೇಲೆ ಅಕ್ಷರ ತುಂಬುವ ಬದಲು ಮಾತಿನಲ್ಲಿ ಹೇಳಿ, ನೋಡಬೇಕಾದ ಜಾಗವನ್ನು ಗುರುತು ಮಾಡಿ ತೋರಿಸಿ, ಅಲಂಕಾರಕ್ಕಾಗಿ ಏನನ್ನೂ ಸೇರಿಸಬೇಡಿ. ಹತ್ತು ನಿಮಿಷದ, ಒಂದೇ ಸಂಗತಿಯ, ಮಾತೃಭಾಷೆಯ ಧ್ವನಿಯುಳ್ಳ ಪಾಠ ಈ ಎಲ್ಲ ಮಾತಿಗೂ ಒಪ್ಪುತ್ತದೆ. ಒಂದು ತೊಡಕು ಮಾತ್ರ ಉಳಿದಿದೆ. ಧ್ವನಿ ಕನ್ನಡದಲ್ಲಿದ್ದರೂ ಪರದೆಯ ಮೇಲಿನ ಮೆನು ಇಂಗ್ಲಿಷಿನದು. ಕೇಳಿದ್ದನ್ನು ಕಣ್ಣು ಹುಡುಕಿ ಹಿಡಿಯುವಷ್ಟರಲ್ಲಿ ಪಾಠ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಮೊದಲ ವಾರದಲ್ಲೇ ಮೆನುವಿನ ಇಪ್ಪತ್ತು ಮೂವತ್ತು ಪದಗಳನ್ನು ಚಿತ್ರಸಹಿತ ಗೋಡೆಗೆ ಅಂಟಿಸಿಬಿಟ್ಟರೆ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ಮೇಷ್ಟ್ರೊಬ್ಬರು ಮಧ್ಯಾಹ್ನವೊಂದರಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ನಿಜವಾದ ಕೊರತೆ ಇರುವುದು ಮುಂದಿನ ಹಂತದಲ್ಲಿ. ಹೆಜ್ಜೆಹೆಜ್ಜೆಯಾಗಿ ಹೇಳಿಕೊಟ್ಟ ವಿಸಿಟಿಂಗ್ ಕಾರ್ಡನ್ನು ಹುಡುಗಿ ಹೇಳಿದ ಹಾಗೆಯೇ ಮಾಡಿ ಮುಗಿಸುತ್ತಾಳೆ. ಮರುದಿನ ‘ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಕರಪತ್ರ ಮಾಡಮ್ಮ’ ಎಂದರೆ ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯುವುದಿಲ್ಲ. ಆಯತ ಎಳೆಯಲು ಬರುತ್ತದೆ, ಬಣ್ಣ ತುಂಬಲು ಬರುತ್ತದೆ. ಆದರೆ ಓದುವವರ ಕಣ್ಣು ಮೊದಲು ಎಲ್ಲಿ ಬೀಳಬೇಕು, ಯಾವುದನ್ನು ಚಿಕ್ಕದಾಗಿಸಬೇಕು, ಯಾವುದನ್ನು ತೆಗೆದೇ ಹಾಕಬೇಕು ಎಂಬುದನ್ನು ಯಾವ ವಿಡಿಯೊವೂ ಅವಳನ್ನು ಕೇಳಿರಲಿಲ್ಲ. ಆನ್‌ಲೈನ್ ಕೋರ್ಸುಗಳ ಕೊನೆಗೆ ಬರುವ ಬಹು ಆಯ್ಕೆಯ ಪರೀಕ್ಷೆ ಯಾವ ಗುಂಡಿ ಎಲ್ಲಿದೆ ಎಂದು ಕೇಳುತ್ತದೆ. ಪ್ರಮಾಣಪತ್ರವೂ ಸಿಗುತ್ತದೆ. ಅದು ಆ ಗುಂಡಿಗಳ ಪರಿಚಯಕ್ಕೆ ಸಿಕ್ಕ ಪತ್ರ, ಅಷ್ಟೆ.

1961ರಲ್ಲಿ ಶುರುವಾದ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿ ಇರಲಿ, 1969ರಲ್ಲಿ ಹುಟ್ಟಿದ ಐಐಟಿ ಬಾಂಬೆಯ ವಿನ್ಯಾಸ ವಿಭಾಗ ಐಡಿಸಿ ಇರಲಿ, ವಿನ್ಯಾಸ ಕಲಿಸುವ ಕಡೆಯಲ್ಲೆಲ್ಲ ಪಾಠದ ಜೀವ ಇರುವುದು ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರೂ ನಿಂತು ಮಾತಾಡುವ ಹೊತ್ತಿನಲ್ಲಿ. ‘ಚೆನ್ನಾಗಿದೆ’ ಎಂಬ ಮಾತು ಅಲ್ಲಿ ಸಾಲದು. ಏಕೆ ಚೆನ್ನಾಗಿದೆ, ಯಾರಿಗೆ, ಎಷ್ಟು ದೂರದಿಂದ ಎಂದು ಹೇಳಬೇಕಾಗುತ್ತದೆ. ಇ-ತರಬೇತಿಯಲ್ಲಿ ಇದು ಅಸಾಧ್ಯ ಎಂದು ಕೈಚೆಲ್ಲಬೇಕಾಗಿಲ್ಲ. ಪೋಸ್ಟರನ್ನು ಐದು ಸೆಕೆಂಡು ತೋರಿಸಿ ಮುಚ್ಚಿ, ಏನು ನೆನಪಿದೆ ಎಂದು ಪಕ್ಕದ ತರಗತಿಯ ಮಕ್ಕಳನ್ನು ಕೇಳಬಹುದು. ಎಲ್ಲರಿಗೂ ಹೂವಿನ ಚಿತ್ರ ಮಾತ್ರ ನೆನಪಿದ್ದು ದಿನಾಂಕ ಯಾರಿಗೂ ನೆನಪಿಲ್ಲದಿದ್ದರೆ, ಯಾರೂ ಬೈಯದೆ, ಅಂಕ ಕಳೆಯದೆ, ಮಾಡಿದವರಿಗೇ ತಪ್ಪು ತಿಳಿಯುತ್ತದೆ. ಬಣ್ಣವನ್ನೆಲ್ಲ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿದಾಗ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋದರೆ, ಹಳದಿಯ ಮೇಲೆ ಬಿಳಿ ಬರೆಯಬಾರದು ಎಂಬ ಪಾಠ ಬೇರೆ ಬೇಕಾಗುವುದಿಲ್ಲ. ಒಂದೇ ಫಾಂಟು, ಎರಡೇ ಅಳತೆ, ಚಿತ್ರವೇ ಇಲ್ಲ ಎಂಬ ಕಟ್ಟುಪಾಡಿನಲ್ಲಿ ಒಂದೇ ಸುದ್ದಿಗೆ ಎರಡು ರೂಪ ಮಾಡಿ, ಯಾವುದು ಏಕೆ ಮೇಲು ಎಂದು ನಾಲ್ಕು ಸಾಲು ಬರೆದು ಕಳಿಸಿ ಎನ್ನಬಹುದು. ಆ ನಾಲ್ಕು ಸಾಲನ್ನು ಓದಿ ಉತ್ತರಿಸಲು ಮಾತ್ರ ಒಬ್ಬ ಮನುಷ್ಯ ಬೇಕೇ ಬೇಕು. ನೂರು ಮಕ್ಕಳಿಗೆ ಒಬ್ಬರಾದರೂ ಸರಿ.

ಉದಾಹರಣೆಗಳನ್ನು ಎಲ್ಲಿಂದ ತರಬೇಕು ಎಂಬುದೂ ಮುಖ್ಯ. ವಿದೇಶಿ ಪಾಠಗಳಲ್ಲಿ ಕಾಫಿ ಅಂಗಡಿಯ ಲೋಗೊ, ಸಂಗೀತ ಕಛೇರಿಯ ಪೋಸ್ಟರು ಪದೇ ಪದೇ ಬರುತ್ತವೆ. ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದು ಲಗ್ನಪತ್ರಿಕೆ. ಮೇಲೆ ಇಷ್ಟದೇವರ ಹೆಸರು, ಆಮೇಲೆ ಆಹ್ವಾನಿಸುವ ಹಿರಿಯರು, ವಧೂವರರು, ಮುಹೂರ್ತ, ಕಲ್ಯಾಣ ಮಂಟಪ, ಕೆಳಗೆ ಸುಖಾಗಮನ ಬಯಸುವವರ ಪಟ್ಟಿ. ಯಾವುದು ಮೊದಲು, ಯಾವುದು ದೊಡ್ಡದು ಎಂಬ ಕಟ್ಟುನಿಟ್ಟಾದ ಕ್ರಮ ಇಲ್ಲಿ ಆಗಲೇ ಇದೆ. ಬರುವ ನೆಂಟರಿಗೆ ಬೇಕಾದದ್ದು ದಿನ, ಹೊತ್ತು, ಸ್ಥಳ. ಮನೆಯವರಿಗೆ ಬೇಕಾದದ್ದು ಯಾವ ಚಿಕ್ಕಪ್ಪನ ಹೆಸರೂ ಬಿಟ್ಟುಹೋಗದಿರುವುದು. ಈ ಎರಡು ಬೇಡಿಕೆಯನ್ನೂ ಒಂದೇ ಹಾಳೆಯಲ್ಲಿ ಮರ್ಯಾದೆಯಿಂದ ಹೇಗೆ ನಿಭಾಯಿಸುವುದು? ಗ್ರಾಹಕ, ಓದುಗ, ಆದ್ಯತೆ ಎಂದು ದೊಡ್ಡ ಪುಸ್ತಕಗಳು ಹೇಳುವುದೆಲ್ಲ ಈ ಒಂದು ಅಭ್ಯಾಸದಲ್ಲಿ ಬಂದುಬಿಡುತ್ತದೆ. ಮಕ್ಕಳು ಮನೆಯಿಂದ ಹಳೆಯ ಪತ್ರಿಕೆಗಳನ್ನು ತರುತ್ತಾರೆ, ಅಜ್ಜಿಯ ಕಾಲದ್ದೂ ಒಂದೆರಡು ಸಿಗುತ್ತವೆ. ಖರ್ಚಿಲ್ಲದ ಪಠ್ಯವಿದು.

ಇನ್ನು ಕನ್ನಡ ಅಕ್ಷರದ ವಿಷಯ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ನಡುಮನೆ ಇದೇ. ಗ್ರಾಫಿಕ್ ಡಿಸೈನಿನ ಅರ್ಧಕ್ಕೂ ಹೆಚ್ಚು ಕೆಲಸ ಅಕ್ಷರ ಜೋಡಣೆ. ಲಭ್ಯವಿರುವ ಪಾಠಗಳಲ್ಲಿ ಹೆಚ್ಚಿನವು ರೋಮನ್ ಲಿಪಿಗೆ ಬರೆದವು. ಅವುಗಳ ನಿಯಮವನ್ನು ಹಾಗೆಯೇ ಕನ್ನಡಕ್ಕೆ ಹಚ್ಚಿದರೆ ಕೆಲಸ ಕೆಡುತ್ತದೆ. ಶೀರ್ಷಿಕೆಯನ್ನು ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಇಂಗ್ಲಿಷ್ ಪಾಠ ಹೇಳುತ್ತದೆ. ನಮ್ಮ ಲಿಪಿಯಲ್ಲಿ ಅಂಥ ಭೇದವೇ ಇಲ್ಲ. ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ – ಇವುಗಳಿಂದಲೇ ಒತ್ತು ತರಬೇಕು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ರೋಮನ್ ಲಿಪಿಗೆ ಒಂದು ಗಾಂಭೀರ್ಯ ಬರುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ‘ಕೋ’ ಅಕ್ಷರದ ದೀರ್ಘ ಚಿಹ್ನೆ ತಾಯಿಯಿಂದ ಬೇರ್ಪಟ್ಟು ದೂರ ಹೋಗಿ ನಿಲ್ಲುತ್ತದೆ. ಅಡೋಬಿಯ ಸಾಫ್ಟ್‌ವೇರ್‌ಗಳು ಸಾಲಿನ ಅಂತರವನ್ನು ತಾವಾಗಿಯೇ ಅಕ್ಷರ ಗಾತ್ರದ ಶೇ 120ಕ್ಕೆ ಇಡುತ್ತವೆ. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುವುದರಿಂದ ಅದು ಕೆಳಸಾಲಿನ ಗುಡಿಸನ್ನೋ ಏತ್ವವನ್ನೋ ಹೋಗಿ ತಾಗುತ್ತದೆ. ರಸ್ತೆ ಬದಿಯ ಫ್ಲೆಕ್ಸುಗಳಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿರುವುದಕ್ಕೆ ಕಾರಣ ಇಷ್ಟೇ: ಸಾಲಿನ ಅಂತರ ಬದಲಿಸಬಹುದು, ಬದಲಿಸಬೇಕು ಎಂದು ಮಾಡಿದವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಪದಗಳ ಉದ್ದವೂ ಹಾಗೆಯೇ. ವಿಭಕ್ತಿ, ಪ್ರತ್ಯಯ, ಸಮಾಸ ಎಲ್ಲ ಸೇರಿ ನಮ್ಮ ಪದಗಳು ಬೆಳೆಯುತ್ತವೆ. ‘ಜಾತ್ರಾಮಹೋತ್ಸವ’ ಒಂದು ಸಾಲಿನಲ್ಲಿ ಹಿಡಿಸದಾಗ ‘ಜಾತ್ರಾಮ’ ಮೇಲೆ, ‘ಹೋತ್ಸವ’ ಕೆಳಗೆ ಹೋದರೆ ಓದುವವರು ಎಡವುತ್ತಾರೆ. ಎಲ್ಲಿ ಒಡೆಯಬೇಕು ಎಂಬುದಕ್ಕೆ ಸಮಾಸ ಗೊತ್ತಿರಬೇಕು. ವ್ಯಾಕರಣದ ತರಗತಿಯಲ್ಲಿ ಮಕ್ಕಳಿಗೆ ಒಣಗಿದಂತೆ ಕಾಣುವ ಪಾಠ ಪೋಸ್ಟರಿನಲ್ಲಿ ಕೆಲಸಕ್ಕೆ ಬರುವುದು ಇಲ್ಲಿ. ಕನ್ನಡ ಪಂಡಿತರೂ ಕಂಪ್ಯೂಟರ್ ಲ್ಯಾಬಿನವರೂ ಒಟ್ಟಿಗೆ ತೆಗೆದುಕೊಳ್ಳಬಹುದಾದ ಅಪರೂಪದ ತರಗತಿ ಇದಾಗುತ್ತದೆ.

ಫಾಂಟಿನ ಇತಿಹಾಸವನ್ನೂ ಒಂದಿಷ್ಟು ಹೇಳಿಕೊಡಬೇಕು, ಏಕೆಂದರೆ ಅದು ಇನ್ನೂ ಇತಿಹಾಸವಾಗಿಲ್ಲ. ತಾಲ್ಲೂಕು ಕೇಂದ್ರದ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲೇ ಕೆಲಸ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡ್ ಕನ್ನಡ ಅದಕ್ಕೆ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಯೂನಿಕೋಡ್ ಕಲಿತ ಹುಡುಗ ಅಂಗಡಿಗೆ ಕೆಲಸಕ್ಕೆ ಹೋದರೆ ಅಕ್ಷರ ಒಡೆದು ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಎರಡು ಲೋಕವೂ ಅವನಿಗೆ ಗೊತ್ತಿರಬೇಕು. ಇತ್ತ ಯೂನಿಕೋಡಿನಲ್ಲಿ ಈಗ ಕನ್ನಡಕ್ಕೆ ಬಡತನವಿಲ್ಲ. ನೋಟೊ ಸ್ಯಾನ್ಸ್, ನೋಟೊ ಸೆರಿಫ್, ದುಂಡನೆಯ ಬಲೂ ತಮ್ಮ, ಹಲವು ದಪ್ಪ ಅಗಲಗಳಲ್ಲಿ ಸಿಗುವ ಅನೇಕ್ ಕನ್ನಡ, ಕೈಬರಹದ ಓಟವುಳ್ಳ ಅಕಾಯ ಕನ್ನಡಕ, ಪುಸ್ತಕಕ್ಕೆ ಹೇಳಿ ಮಾಡಿಸಿದ ಟೀರೊ ಕನ್ನಡ – ಎಲ್ಲವೂ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ವಾಕ್ಯವನ್ನು ಈ ಆರರಲ್ಲೂ ಮುದ್ರಿಸಿ, ಯಾವುದು ಶಾಲೆಯ ಸೂಚನಾ ಫಲಕಕ್ಕೆ, ಯಾವುದು ನಾಟಕದ ಪೋಸ್ಟರಿಗೆ ಎಂದು ಕೇಳಿದರೆ ಮಕ್ಕಳು ಜಗಳವಾಡುವಷ್ಟು ಉತ್ಸಾಹದಿಂದ ಉತ್ತರಿಸುತ್ತಾರೆ.

ಇದನ್ನೆಲ್ಲ ಒಂದು ರಾಜ್ಯದ ಶಾಲೆಗಳೆಲ್ಲಕ್ಕೂ ತಲುಪಿಸಲು ಸಾಧ್ಯವೇ ಎಂದು ಅನುಮಾನಿಸುವವರು ಕೇರಳದತ್ತ ನೋಡಬೇಕು. 2001ರಲ್ಲಿ ಅಲ್ಲಿ ಶುರುವಾದ ‘ಐಟಿ@ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. ಮೊದಲು ಮಾಡಿದ್ದು ಶಾಲೆಯ ಶಿಕ್ಷಕರನ್ನೇ ತಯಾರು ಮಾಡುವ ಕೆಲಸ. ಬಳಸಿದ್ದು ಮುಕ್ತ ತಂತ್ರಾಂಶ. ಐಟಿ ಅಲ್ಲಿ ಎಸ್‌ಎಸ್‌ಎಲ್‌ಸಿ ವಿಷಯ, ಪ್ರಾಯೋಗಿಕ ಪರೀಕ್ಷೆಯೂ ಇದೆ. 2016ರಲ್ಲಿ ಬಂದ ಹತ್ತನೇ ತರಗತಿಯ ಪಠ್ಯದ ಮೊದಲ ಅಧ್ಯಾಯವೇ ವಿನ್ಯಾಸದ ಲೋಕದ ಬಗ್ಗೆ ಇತ್ತು, ಇಂಕ್‌ಸ್ಕೇಪಿನೊಂದಿಗೆ. 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿದ್ದು, ಪ್ರತಿ ಕೂಟಕ್ಕೂ ಶಾಲೆಯ ಇಬ್ಬರು ಶಿಕ್ಷಕರ ಹೊಣೆ ಇದೆ. ಗ್ರಾಫಿಕ್ಸ್, ಆನಿಮೇಷನ್ ಶಿಬಿರಗಳು ಶಾಲೆಯಿಂದ ಶುರುವಾಗಿ ಉಪಜಿಲ್ಲೆ, ಜಿಲ್ಲೆಯವರೆಗೆ ಏರುತ್ತವೆ. ಕನ್ನಡಿಗರಿಗೆ ಇದು ದೂರದ ಮಾತಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಇದೇ ಪಠ್ಯವನ್ನು ಕನ್ನಡದಲ್ಲಿ ಓದಿದ್ದಾರೆ. ಅಂದರೆ ಇಂಕ್‌ಸ್ಕೇಪ್ ಕಲಿಸುವ ಕನ್ನಡದ ಶಾಲಾ ಪಠ್ಯವೊಂದು ಗಡಿಯ ಆಚೆ ಬರೆದು ಮುಗಿದಿದೆ. ಮಂಗಳೂರಿನಿಂದ ಒಂದೆರಡು ಗಂಟೆಯ ಹಾದಿಯಲ್ಲಿ ಅದರಿಂದ ಪಾಠ ನಡೆದಿದೆ. ಕರ್ನಾಟಕದ ಶಿಕ್ಷಣ ಇಲಾಖೆ ಅದನ್ನು ಇದಿರಿಗಿಟ್ಟುಕೊಂಡು ಶುರು ಮಾಡಿದರೆ ಅರ್ಧ ದಾರಿ ಸವೆದಂತೆ.

ನಮ್ಮಲ್ಲಿ ಅದೇ 2001ರ ಸುಮಾರಿಗೆ ಬಂದ ‘ಮಾಹಿತಿ ಸಿಂಧು’ ಬೇರೆ ದಾರಿ ಹಿಡಿಯಿತು. ಯಂತ್ರ, ನಿರ್ವಹಣೆ, ಬೋಧಕರು ಎಲ್ಲವನ್ನೂ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು. ಶಾಲೆಯ ಮೇಷ್ಟ್ರುಗಳಿಗೆ ಲ್ಯಾಬು ತಮ್ಮದೆನಿಸಿರಲಿಲ್ಲ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡು ಮಾದರಿಗಳನ್ನು ಹೋಲಿಸಿ ಅಧ್ಯಯನ ಮಾಡಿದೆ, ಮತ್ತು ಶಿಕ್ಷಕರೇ ಸೇರಿ ಪಾಠ ಸಾಮಗ್ರಿ ರೂಪಿಸುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣವನ್ನು ಇಲಾಖೆಯ ಜತೆ ಕಟ್ಟಿದೆ. ಡಿಸೈನ್ ಕಲಿಸುವುದಕ್ಕಂತೂ ಶಾಲೆಯೊಳಗಿನ ಶಿಕ್ಷಕರೇ ಬೇಕು. ಹೊರಗಿನಿಂದ ವಾರಕ್ಕೊಮ್ಮೆ ಬಂದು ಹೋಗುವವರಿಗೆ ಮಕ್ಕಳ ಮೂರನೇ ಪ್ರಯತ್ನ ಮೊದಲನೆಯದಕ್ಕಿಂತ ಎಷ್ಟು ಬೆಳೆದಿದೆ ಎಂದು ಗೊತ್ತಾಗುವುದಿಲ್ಲ.

ಹಾಗಾದರೆ ಆ ಶಿಕ್ಷಕರು ಯಾರು? ನನ್ನ ಉತ್ತರ: ಡ್ರಾಯಿಂಗ್ ಮೇಷ್ಟ್ರು. ಕರ್ನಾಟಕದಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಪರಂಪರೆ ಹಳೆಯದು. ಶಾಲಾ ಪರೀಕ್ಷಾ ಮಂಡಲಿಯೇ ನಡೆಸುವ ಈ ಪರೀಕ್ಷೆಗಳಿಗೆ ಪ್ರತಿವರ್ಷ ಹಳ್ಳಿಹಳ್ಳಿಯ ಮಕ್ಕಳು ಜಲವರ್ಣದ ಡಬ್ಬಿ ಹಿಡಿದು ಕೂರುತ್ತಾರೆ. ಸಮತೋಲ, ಬಣ್ಣದ ಹೊಂದಿಕೆ, ಖಾಲಿ ಜಾಗದ ಬೆಲೆ – ಇವೆಲ್ಲ ಡ್ರಾಯಿಂಗ್ ಮೇಷ್ಟ್ರುಗಳಿಗೆ ಕೈಯಲ್ಲಿ ಕೂತ ವಿದ್ಯೆ. ಶಾಲೆಯ ಗೋಡೆಯ ಮೇಲೆ ಬ್ರಷ್ಷಿನಲ್ಲಿ ಶಾಲೆಯ ಹೆಸರು ಬರೆದವರೂ ಅವರೇ ಆಗಿರುತ್ತಾರೆ. ಆದರೆ ಕಂಪ್ಯೂಟರ್ ತರಬೇತಿಗೆ ಕರೆ ಬಂದಾಗ ಹೋಗುವವರು ಗಣಿತ, ವಿಜ್ಞಾನದವರು. ಚಿತ್ರದ ಕೋಣೆಗೂ ಕಂಪ್ಯೂಟರ್ ಕೋಣೆಗೂ ಸಂಬಂಧವೇ ಇಲ್ಲದಂತೆ ಶಾಲೆಗಳು ನಡೆಯುತ್ತಿವೆ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಖಾಲಿ ಬಿದ್ದಿದೆ ಎಂಬುದು ಇದಕ್ಕಿಂತ ದೊಡ್ಡ ನೋವು. ಇಂಕ್‌ಸ್ಕೇಪನ್ನು ಮೊದಲು ಕಲಿಸಬೇಕಾದದ್ದು ಈ ಶಿಕ್ಷಕರಿಗೆ. ಮಕ್ಕಳಿಗಿರುವ ಅದೇ ಹತ್ತು ನಿಮಿಷದ ವಿಡಿಯೊಗಳು ಅವರಿಗೂ ಸಾಕು.

ಯಂತ್ರಗಳ ಕೊರತೆಯನ್ನು ಮರೆತು ಮಾತಾಡುವಂತಿಲ್ಲ. ಶಾಲೆಗಳ ಕುರಿತ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ಅಂಕಿಅಂಶದ ಪ್ರಕಾರ 2023–24ರಲ್ಲಿ ದೇಶದ ಶೇ 57ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್, ಶೇ 54ರಷ್ಟರಲ್ಲಿ ಇಂಟರ್ನೆಟ್ ಇತ್ತು. ಮರುವರ್ಷ ಎರಡೂ ಶೇ 63–65ಕ್ಕೆ ಏರಿದವು. ಎಲ್ಲ ಹಂತದ ಶಾಲೆಗಳೂ ಸೇರಿದ ಲೆಕ್ಕವಿದು. ಫೋನಿನಲ್ಲೇ ಕಲಿಸೋಣ ಎಂದರೆ ಇನ್ನೊಂದು ಕಂದಕ ಎದುರಾಗುತ್ತದೆ. ಸ್ಮಾರ್ಟ್‌ಫೋನ್ ಬಳಸಬಲ್ಲ 14–16ರ ಹುಡುಗರಲ್ಲಿ ಶೇ 36ರಷ್ಟು ಮಂದಿಗೆ ಸ್ವಂತ ಫೋನ್ ಇದೆ, ಹುಡುಗಿಯರಲ್ಲಿ ಶೇ 27ರಷ್ಟು ಮಂದಿಗೆ ಎಂದು ಅಸರ್ ಹೇಳುತ್ತದೆ. ಮನೆಗೆಲಸ ಮುಗಿಸಿ ಅಣ್ಣನ ಫೋನ್ ಬಿಡುವಾಗುವವರೆಗೆ ಕಾಯುವ ಹುಡುಗಿಗೆ ಆನ್‌ಲೈನ್ ತರಗತಿಯ ಗಡುವು ಅನ್ಯಾಯ. ಶಾಲೆಯ ಹೊತ್ತಿನಲ್ಲೇ, ಶಾಲೆಯ ಯಂತ್ರದಲ್ಲೇ ಮುಗಿಯುವ ಹಾಗೆ ಕೋರ್ಸನ್ನು ರೂಪಿಸಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಜಿಂಪ್, ಇಂಕ್‌ಸ್ಕೇಪ್ ಎರಡೂ ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ, ಪರವಾನಗಿಗೆ ಹಣ ಕಟ್ಟಬೇಕಿಲ್ಲ.

ಕ್ಯಾನ್ವಾದಂಥ ಆನ್‌ಲೈನ್ ಸಾಧನಗಳನ್ನು ದೂರ ಇಡಬೇಕೆಂದೇನೂ ಅಲ್ಲ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಅದು ಶಾಲೆಗಳಿಗೆ ಉಚಿತವಾಗಿ ಸಿಗುತ್ತದೆ, ಫೋನಿನಲ್ಲೂ ನಡೆಯುತ್ತದೆ. ಸಿದ್ಧ ನಮೂನೆಗಳನ್ನು ಬಿಚ್ಚಿ ನೋಡುವ ಪಾಠಕ್ಕೆ ಅದು ಒಳ್ಳೆಯ ಜಾಗ: ಇಲ್ಲಿ ಇಂಗ್ಲಿಷ್ ತೆಗೆದು ಕನ್ನಡ ಹಾಕಿದಾಗ ಏನು ಕೆಟ್ಟಿತು, ಹೇಗೆ ಸರಿಪಡಿಸುವುದು ಎಂದು ಕೇಳಬೇಕು. ಚಿತ್ರ ಸೃಷ್ಟಿಸುವ ಎಐ ಕೂಡ ಇದೇ ಸಾಲಿಗೆ ಸೇರುತ್ತದೆ. ಅದು ಬರೆದ ಕನ್ನಡದಲ್ಲಿ ಎಷ್ಟೋ ಸಲ ಒತ್ತು ತಪ್ಪಿರುತ್ತದೆ, ಅಕ್ಷರವೇ ಅಲ್ಲದ ಅಕ್ಷರ ಇರುತ್ತದೆ. ತಪ್ಪನ್ನು ಗುರುತಿಸಿ ಬೇಡ ಎನ್ನುವ ಕಣ್ಣು ಮೊದಲು ಬೆಳೆದಿರಬೇಕು.

ಮುಂದಿನ ಓದಿನ ದಾರಿಯಲ್ಲೂ ಒಂದು ಅಡ್ಡಗೋಡೆ ಇದೆ. ಐಐಟಿಗಳ ವಿನ್ಯಾಸ ಪದವಿಗೆ 2015ರಿಂದ ನಡೆಯುತ್ತಿರುವ ಯುಸೀಡ್ ಪ್ರವೇಶ ಪರೀಕ್ಷೆಯನ್ನು ಯಾವ ವಿಭಾಗದಲ್ಲಿ ಪಿಯುಸಿ ಓದಿದವರೂ ಬರೆಯಬಹುದು, ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಐಡಿಸಿ, ಎನ್‌ಐಡಿ, ಐಐಟಿ ಗುವಾಹಟಿ ಸೇರಿ ಕಟ್ಟಿದ ‘ಡಿಸೋರ್ಸ್’ ತಾಣದಲ್ಲಿ ವಿನ್ಯಾಸದ ಪಾಠಗಳು, ದೇಶದ ಕರಕುಶಲ ಕಲೆಗಳ ದಾಖಲೆಗಳು ಯಾರಿಗೂ ತೆರೆದಿವೆ. ಅವೂ ಬಹುಪಾಲು ಇಂಗ್ಲಿಷಿನವು. ಅದರಿಂದ ಆಯ್ದ ಕೆಲವನ್ನಾದರೂ ಕನ್ನಡಕ್ಕೆ ತಂದರೆ ಎಷ್ಟೋ ಮಕ್ಕಳಿಗೆ ಇಂಥದೊಂದು ಓದು ಇದೆ ಎಂಬುದಾದರೂ ತಿಳಿಯುತ್ತದೆ.

ಕೊನೆಯದಾಗಿ ಅಚ್ಚಿನ ಮಾತು. ಇ-ತರಬೇತಿಯ ಹೆಚ್ಚಿನ ಕೋರ್ಸುಗಳು ಪರದೆಯಲ್ಲೇ ಮುಗಿಯುತ್ತವೆ. ಮಕ್ಕಳು ಫೈಲು ಕಳಿಸುತ್ತಾರೆ, ಅಂಕ ಬರುತ್ತದೆ. ಕಾಗದದ ಮೇಲೆ ಬಂದಾಗ ಮಾತ್ರ ತಿಳಿಯುವ ಸಂಗತಿಗಳಿವೆ. ಫೋನಿನಲ್ಲಿ ಹೊಳೆಯುವ ಗಿಳಿಹಸಿರು ಅಚ್ಚಿನ ನಾಲ್ಕು ಶಾಯಿಯಲ್ಲಿ ಮಂಕಾಗುತ್ತದೆ. ಅಂಚಿನವರೆಗೂ ಬಣ್ಣ ಬೇಕಿದ್ದರೆ ಸುತ್ತ ಮೂರು ಮಿಲಿಮೀಟರ್ ಹೆಚ್ಚು ಬಿಡಬೇಕು, ಇಲ್ಲವಾದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಕನ್ನಡ ಒಡೆಯುತ್ತದೆ, ಅದಕ್ಕೇ ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಗೆರೆಚಿತ್ರಕ್ಕೆ, ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಕಾಗುಣಿತ ತಿದ್ದಲಾಗದು, ಹಾಗಾಗಿ ಪ್ರೂಫ್ ನೋಡುವುದು ಅದಕ್ಕೂ ಮೊದಲು ಮುಗಿದಿರಬೇಕು. ಇದನ್ನೆಲ್ಲ ಹೇಳಿಕೊಡಬಲ್ಲವರು ಊರಿನ ಪ್ರೆಸ್ಸಿನವರು, ಡಿಟಿಪಿ ಮಾಡುವವರು. ಅವರನ್ನು ಒಂದು ದಿನ ಶಾಲೆಗೆ ಕರೆಸಿ ಅದನ್ನೇ ವಿಡಿಯೊ ಮಾಡಿಟ್ಟುಕೊಂಡರೆ ಮುಂದಿನ ವರ್ಷದವರಿಗೂ ಪಾಠ ಸಿದ್ಧ. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯನ್ನು ಶಾಲೆಗಳು ಹೇಗೂ ಅಚ್ಚು ಹಾಕಿಸುತ್ತವೆ. ಆ ಕೆಲಸವನ್ನು ಈ ವರ್ಷ ಒಂಬತ್ತನೇ ತರಗತಿಯವರಿಗೆ ಒಪ್ಪಿಸಲು ಮುಖ್ಯೋಪಾಧ್ಯಾಯರೂ ಎಸ್‌ಡಿಎಂಸಿಯವರೂ ಮನಸ್ಸು ಮಾಡಿದರೆ ಸಾಕು, ಇಲಾಖೆಯ ಸುತ್ತೋಲೆಗೆ ಕಾಯಬೇಕಾಗಿಲ್ಲ.